ನಿನ್ನ ಓಟದ ಬನಿಯನ್

ಅಕ್ಕಾ,

ಇವತ್ತು ಮ್ಯಾರಥಾನನ್ನು ನಿನ್ನ ಬನಿಯನ್ ಹಾಕಿಕೊಂಡೇ ಓಡಿದೆ. ನೀನು ಊಟ ಬಿಟ್ಟು ಬಿಟ್ಟು ತೀರಿಕೊಂಡಾಗ ಅದು ನನ್ನ ಭುಜ ದಾಟಿ ಇಳಿಯುತ್ತಿರಲಿಲ್ಲ, ಈಗ ಸಡಿಲ. ತೂಕದ ಮೆಷಿನ್ನನ್ನು ಅಮ್ಮ ಆಗಲೇ ಎಸೆದಿದ್ದಾಳೆ. ನನಗೆ ಅಳೆದುಕೊಳ್ಳಲು ಈ ಬನಿಯನ್ನೇ ಸಾಕು.

ಕೊನೆಯ ತಿರುವಿನಲ್ಲಿ ನನ್ನನ್ನು ಕಂಡು ಅಮ್ಮ ನಿನ್ನನ್ನು ಕರೆಯುತ್ತಿದ್ದ ಹಾಗೆ "ದೊಡ್ಡವಳೇ!" ಎಂದು ಕೂಗಿ, ನಾಲಿಗೆ ಕಚ್ಚಿಕೊಂಡಳು. ನಾನು ಗೆರೆ ದಾಟಿದ್ದೇ ತಡ, ಬಾಳೆಹಣ್ಣು ಸುಲಿದು ಬಾಯಿಗೆ ತುರುಕಿದಳು.

"ನುಂಗಿದ್ಯಾ? ಎಲ್ಲಿ, 'ಆ' ಮಾಡು."

ಅಷ್ಟು ಜನರೆದುರು, ಮಗುವಿಗೆ ಹೇಳಿದ ಹಾಗೆ! ಸಿಟ್ಟು ಬಂತು. ಆದರೂ ಬಾಯಿ ತೆರೆದೆ.

"ನನ್ನ ಚಿನ್ನ," ಎಂದು ಬೆನ್ನು ಸವರಿದಳು.

ಅವಳಿಗೆ ಕಾಣಲಿಲ್ಲ ಕಣೇ. ನೀನು ಹೇಳಿಕೊಟ್ಟ ಹಾಗೇ ಕೊನೆಯ ತುಂಡನ್ನು ದವಡೆ ಸಂದಿಯಲ್ಲಿ ಇಟ್ಟುಕೊಂಡಿದ್ದೆ.

ಇದನ್ನು ಬರೆಯುವಾಗಲೂ ಅಲ್ಲೇ ಇದೆ.