ಪರದೆಯ ಹಿಂದೆ ಕುಡಿದ ಕಾಫಿ

೧೨ ಫೆಬ್ರವರಿ ೧೯೩೯, ಭಾನುವಾರ. ಚಿಕ್ಕಮಗಳೂರು.

ಮೈ ಇನ್ನೂ ಉರಿಯುತ್ತಿದೆ. ನಮ್ಮ ಯಜಮಾನರು ವಾರವಾರವೂ ಕಾಫಿಪುಡಿ ಅಂಗಡಿ ಮುಚ್ಚಿದ ಮೇಲೆ ಪೇಟೆ ಸುತ್ತಿ ಒಂದು ಹೋಟೆಲಿನಲ್ಲಿ ದೋಸೆ, ಇನ್ನೊಂದರಲ್ಲಿ ಗೋಳಿಬಜೆ, ಮತ್ತೊಂದರಲ್ಲಿ ಕೇಸರಿಬಾತು ತಿಂದು ಬರುತ್ತಾರೆ. ಆಮೇಲೆ ನಾನು ಬಡಿಸಿದ ಅನ್ನವನ್ನು ಕೆದಕುತ್ತ ಅವುಗಳ ರುಚಿ ವರ್ಣಿಸುತ್ತಾರೆ. ನನ್ನ ಕಾಫಿಯೂ ಹೋಟೆಲಿನದರ ಮುಂದೆ ಏನೂ ಅಲ್ಲವಂತೆ. ಆರು ವರ್ಷ ಕೇಳಿದೆ.

ಇವತ್ತು ಹಟ ಹಿಡಿದು ನಾನೂ ಹೊರಟೆ. ಹೆಂಗಸರಿಗೆಂದು ಹೊಸದಾಗಿ ಪರದೆ ಕಟ್ಟಿದ ಮೂಲೆಯಲ್ಲಿ ನನ್ನೊಬ್ಬಳನ್ನೇ ಕೂರಿಸಿ, ಇವರು ಹೊರಗೆ ಸ್ನೇಹಿತರೊಂದಿಗೆ ಕುಳಿತು ನಗುತ್ತಿದ್ದರು. ಏನು ಬೇಕೆಂದು ನನ್ನನ್ನು ಯಾರೂ ಕೇಳಲಿಲ್ಲ. ಇವರು ಹೇಳಿ ಕಳಿಸಿದ ದೋಸೆ ಬಂತು, ತಣ್ಣಗೆ. ಬಜೆಯೂ ತಣ್ಣಗೆ. ಕೊನೆಗೆ ಕಾಫಿ. ಮೂಗಿನ ಹತ್ತಿರ ತಂದಾಗಲೇ ಗೊತ್ತಾಯಿತು. ಈ ಮನೆಗೆ ಬಂದಂದಿನಿಂದ ಬೀಜ ಹುರಿಯುತ್ತಿರುವವಳು ನಾನು.

"ಇದು ಕಾಫಿಯಲ್ಲ, ಬರೀ ಚಿಕೋರಿ!" ಪರದೆಯೊಳಗಿಂದಲೇ ಕೂಗಿದೆ. ಹೊರಗಿನ ನಗು ನಿಂತುಹೋಯಿತು.

ದಾರಿಯಲ್ಲಿ ಇವರು ಹಲ್ಲು ಕಡಿದರು. "ಎಲ್ಲರ ಮುಂದೆ ಮಾನ ಕಳೆದ್ಯಲ್ಲೇ ಮಾರಾಯ್ತಿ! ಆ ಪುಡಿ ಹೋಗೋದು ನಮ್ಮ ಅಂಗಡಿಯಿಂದ್ಲೇ."

ಹಾಗಾದರೆ ಆರು ವರ್ಷ ಇವರು ಹೊಗಳಿದ್ದು ತಮ್ಮ ಕಲಬೆರಕೆಯನ್ನೇ. ತೆಗಳಿದ್ದು ಮಾತ್ರ ನನ್ನನ್ನು.

ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ, "ಒಂದ್ ಲೋಟ ಕಾಫಿ ಕೊಡು. ಮನೆ ಪುಡೀದು" ಎಂದರು.

ಒಲೆಗೆ ನೀರು ಸುರಿದು ಬಂದು ಇದನ್ನು ಬರೆಯುತ್ತಿದ್ದೇನೆ. ಪಡಸಾಲೆಯಲ್ಲಿ ಇವರು ಇನ್ನೂ ಕಾದು ಕೂತಿದ್ದಾರೆ. ಕೂರಲಿ.