ಕುರಿ ಮೇಯುವ ಗುಡ್ಡವನ್ನು ಪಾಳು ಎಂದು ಬರೆದವನ ಅಹವಾಲು

ಜೈವಿಕ ಇಂಧನ ಯೋಜನೆಯ ಜಿಲ್ಲಾ ಅಧಿಕಾರಿಗಳಿಗೆ

ಮಾನ್ಯರೇ,

ಸವದತ್ತಿ ತಾಲ್ಲೂಕಿನ ನಮ್ಮೂರ ಗುಡ್ಡಕ್ಕೆ ತಾವು ತಂತಿ ಬೇಲಿ ಹಾಕಿಸಿ, ಮುಂದಿನ ತಿಂಗಳು ಹೊಂಗೆ ಸಸಿ ನೆಡಿಸಲಿದ್ದೀರಿ. ದಯವಿಟ್ಟು ನಿಲ್ಲಿಸಿ. ಅದು ಪಾಳು ಭೂಮಿಯಲ್ಲ, ಕುರಿ ಮೇಯುವ ಜಾಗ. ಹಾಗಾದರೆ ಪಾಳು ಎಂದು ವರದಿ ಕೊಟ್ಟ ಮೂರ್ಖ ಯಾರು ಎಂದು ತಾವು ಕೇಳಬಹುದು. ಹುಡುಕುವ ಶ್ರಮ ಬೇಡ. ಆತನೇ ಈ ಪತ್ರ ಬರೆಯುತ್ತಿದ್ದಾನೆ.

ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಗ್ಯಾರೇಜು, ಮೊಬೈಲ್ ಅಂಗಡಿ, ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರು, ಎಲ್ಲಿಯೂ ಆರು ತಿಂಗಳು ನಿಂತವನಲ್ಲ. ಇಂಥವನನ್ನು ತಮ್ಮ ಇಲಾಖೆ ಭೂಮಿ ಸಮೀಕ್ಷೆಗೆ ಆರಿಸಿತು. ನನ್ನ ಅರ್ಹತೆ ಎರಡು: ಬೈಕು ಇತ್ತು, ಫೋನಿನ ಕ್ಯಾಮೆರಾ ಚೆನ್ನಾಗಿತ್ತು. ಕೊರಳಿಗೆ ಗುರುತಿನ ಚೀಟಿ ಬಿದ್ದ ದಿನದಿಂದ ಊರಿನವರನ್ನು ಏನನ್ನಾದರೂ ಕೇಳಿ ತಿಳಿಯುವುದು ನನ್ನ ಘನತೆಗೆ ಕಡಿಮೆ ಎನ್ನಿಸಿತು. ಮೇ ತಿಂಗಳ ಬಿಸಿಲಿನಲ್ಲಿ ಗುಡ್ಡ ಹತ್ತಿದೆ. ಹುಲ್ಲಿರಲಿಲ್ಲ. ಫೋನಿನ ಸಮೀಕ್ಷಾ ನಮೂನೆಯಲ್ಲಿ ‘ಜಾನುವಾರು ಮೇಯುತ್ತವೆಯೇ?’ ಎಂಬಲ್ಲಿ ‘ಇಲ್ಲ’ ಒತ್ತಿ, ಕೆಂಪು ಮಣ್ಣಿನ ನಾಲ್ಕು ಫೋಟೋ ಕಳಿಸಿದೆ. ಅವುಗಳಲ್ಲೊಂದರಲ್ಲಿ ನಾನೂ ಇದ್ದೇನೆ, ಕಪ್ಪು ಕನ್ನಡಕ ಹಾಕಿಕೊಂಡು. ದಾಖಲೆಗಾಗಿ ಎಂದುಕೊಂಡಿದ್ದೆ.

ಬೇಲಿಯ ಕಂಬಗಳು ಬಂದಿಳಿದ ದಿನ, ನಮ್ಮ ಓಣಿಯಲ್ಲಿ ಕುರಿ ಸಾಕುವ ಸತ್ಯವ್ವ ಮನೆ ಬಾಗಿಲಿಗೆ ಬಂದಳು.

“ಗುಡ್ಡದಾಗ ಕುರಿ ಮೇಯಂಗಿಲ್ಲ ಅಂತ ಯಾರೋ ಬರದಾರಂತಲ್ಲೋ ತಮ್ಮಾ?”

“ನಾನ ಬರದೇನಿ, ಯಕ್ಕಾ.”

“ಆವಾಗ ನನ್ನ ಕುರಿ ಎಲ್ಲಿದ್ದುವು?”

“ಸಂಪಗಾಂವ ಕಡೆ, ಹೊಲದಾಗ.”

“ಗೊತ್ತೈತಿ ಹಂಗಾರ. ನಾ ಬಂದಾಗ ನೀ ಮನ್ಯಾಗ ಇರಲಿಲ್ಲಂದ್ರ, ಈ ಮನ್ಯಾಗ ಮಂದಿನ ಇಲ್ಲ ಅಂತ ಬರದು ಬೀಗಾ ಹಾಕಿ ಹೋಗ್ಲೇನು?”

ನಾನು ಚಹಾ ಕುಡಿಯುವಿರಾ ಎಂದು ಕೇಳಿದೆ.

ತಮಗೆ ತಿಳಿಸಬೇಕಾದ್ದು ಇಷ್ಟೇ. ಬೇಸಿಗೆಯಲ್ಲಿ ಕಟಾವಾದ ಎರೆಹೊಲಗಳಿಗೆ ಗೊಬ್ಬರವಾಗಲೆಂದು ರೈತರು ಕುರಿ ಹಿಂಡು ಕರೆಸಿ ನಿಲ್ಲಿಸಿಕೊಳ್ಳುತ್ತಾರೆ. ಮಳೆ ಬಿದ್ದು ಹೊಲಗಳಲ್ಲಿ ಪೈರು ಎದ್ದ ಮೇಲೆ ಅಲ್ಲಿ ಕಾಲಿಡುವಂತಿಲ್ಲ. ಆಗ ಹಿಂಡು ಊರಿಗೆ ಮರಳುತ್ತದೆ, ಗುಡ್ಡವೂ ಹಸಿರಾಗಿರುತ್ತದೆ. ಬೇಲಿ ಹಾಕಿದರೆ ಸತ್ಯವ್ವ ಮಳೆಗಾಲ ಮುಗಿಯುವ ಮೊದಲೇ ಕುರಿ ಮಾರಬೇಕು. ಇದು ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ‘ಇಲ್ಲ’ ಒತ್ತಿದವನು ನಾನೊಬ್ಬನೇ.

ತಮ್ಮ ಸಿಬ್ಬಂದಿಯೊಬ್ಬರು ಅವಳನ್ನು ಸಮಾಧಾನ ಮಾಡಲು ಬಂದಿದ್ದರು. “ಚಿಂತಿ ಮಾಡಬ್ಯಾಡ್ರಿ, ಹೊಂಗಿ ಎಲಿ ಕುರಿ ಮುಟ್ಟಂಗಿಲ್ಲ,” ಎಂದರು. ಸತ್ಯವ್ವ, “ಗಿಡಕ್ಕ ಚಲೋ ಆತು ಬಿಡ್ರಿ. ಕುರಿಗೆ ಏನ್ ಹಾಕ್ಲಿ?” ಎಂದಳು. ಅವರು ಅದನ್ನೂ ಡೈರಿಯಲ್ಲಿ ಬರೆದುಕೊಂಡರು.

ತಪ್ಪು ತಿದ್ದಲು ನಾನು ತಮ್ಮ ಕಚೇರಿಗೆ ಮೂರು ಸಲ ಬಂದೆ. ಸ್ಥಳ ಪರಿಶೀಲನೆ ಆಗದೆ ತಿದ್ದಲು ಬರುವುದಿಲ್ಲ ಎಂದರು. ಪರಿಶೀಲಿಸುವವರು ಯಾರು? ಸಮೀಕ್ಷಕ. ಆ ಸಮೀಕ್ಷಕ ನಾನೇ ಎಂದೆ. ನಿನ್ನ ಗುತ್ತಿಗೆ ಮುಗಿದಿದೆ ಎಂದರು. ಮಾನ್ಯರೇ, ನಾನು ತಪ್ಪು ಬರೆದಾಗ ಯಾರೂ ಏಕೆ ಪರಿಶೀಲಿಸಲಿಲ್ಲ? ಒಂಬತ್ತನೇ ಇಯತ್ತೆಯವನ ಸುಳ್ಳು ನಡೆಯುತ್ತದೆ, ಅವನ ನಿಜಕ್ಕೆ ಮಾತ್ರ ಸ್ಥಳ ಪರಿಶೀಲನೆ ಬೇಕೇ?

ನಾನು ಹೊಂಗೆಯ ವೈರಿಯಲ್ಲ. ಟ್ರ್ಯಾಕ್ಟರಿನ ಹೊಗೆ ಕುಡಿದು ಒಂದು ಸುಗ್ಗಿ ಕಳೆದವನಿಗೆ ಗಿಡದ ಎಣ್ಣೆಯಿಂದ ಬಸ್ಸು ಓಡುವುದು ಬೇಡವೆನ್ನಿಸೀತೇ? ಸವದತ್ತಿ ರಸ್ತೆಯ ಎರಡೂ ಬದಿ ಬೋಳಾಗಿದೆ. ಬದುಗಳಿಗೆ ಸಸಿ ಬೇಕೆಂದು ಹನ್ನೊಂದು ಮಂದಿ ರೈತರು ನನ್ನ ಬಳಿ ಹೆಸರು ಬರೆಸಿದ್ದರು. ಆ ಹಾಳೆಯನ್ನು ಕಚೇರಿಗೆ ಕೊಡಲು ನಾನು ಮರೆತಿದ್ದೆ, ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಒಂದು ವಾಹನದ ಹೊಗೆ ಕಡಿಮೆ ಮಾಡಲು ಒಂದು ಹಿಂಡನ್ನು ಸಂತೆಗೆ ಕಳಿಸಬೇಕಾದರೆ, ಆ ಇಂಧನವನ್ನು ಸ್ವಚ್ಛ ಎಂದು ಕರೆಯುವ ಧೈರ್ಯ ನನಗಿಲ್ಲ.

ಆದ್ದರಿಂದ ನನ್ನ ‘ಇಲ್ಲ’ವನ್ನು ರದ್ದು ಮಾಡಿ, ಕಂಬಗಳನ್ನು ವಾಪಸು ಒಯ್ಯಿರಿ, ಸಸಿಗಳನ್ನು ಆ ಹನ್ನೊಂದು ಹೊಲಗಳ ಬದುಗಳಿಗೆ ಮತ್ತು ರಸ್ತೆಬದಿಗೆ ಕೊಡಿ. ನಂಬಿಕೆ ಬಾರದಿದ್ದರೆ ಶ್ರಾವಣದಲ್ಲಿ ತಾವೇ ಗುಡ್ಡ ಹತ್ತಿರಿ. ವರದಿಯಲ್ಲಿ ತಪ್ಪು ಹೊರಿಸಲು ಒಂದು ಹೆಸರು ಬೇಕೇ ಬೇಕೆಂದಾದರೆ ನನ್ನದನ್ನು ಬರೆದುಕೊಳ್ಳಿ, ವಿಳಾಸ ಕೆಳಗಿದೆ. ಶಿಕ್ಷೆ ಸತ್ಯವ್ವನಿಗೆ ಬೇಡ.

ಇಂತಿ,
ತಾವು ನಂಬಬಾರದಾಗಿದ್ದ ಸಮೀಕ್ಷಕ,
ಗೌತಮ
ಪಂಚಾಯಿತಿ ಕಟ್ಟೆಯ ಹಿಂದಿನ ಮನೆ, ಸವದತ್ತಿ ತಾಲ್ಲೂಕು