ಅಮ್ಮನಿಗೂ ಆಟಕ್ಕೂ ಒಂದೇ ಫ್ಲ್ಯಾಶ್

ತಮ್ಮಾ,

ವಾಲಿಬಾಲ್ ಮ್ಯಾಚಿನ ಫೋಟೊ ತೆಗೆಯೋಕೆ ಹೊರಟೆ. ಎದ್ದ ಕೂಡಲೇ ಹೋಗಿ ಫ್ಲ್ಯಾಶ್ ತಗೊಂಡು ಬಾ. ನಿನ್ನೆ ಕಿತ್ತಾಡಿದ್ದು ಸಾಕು, ನೀನು ಹೇಳಿದ ದುಬಾರಿಯದು ಬೇಡ. ಅಗ್ಗದ್ದೇ ಇರಲಿ. ಆದರೆ ಕ್ಯಾಮೆರಾದಿಂದ ದೂರ ಇಟ್ಟರೂ ಮಿಂಚಬೇಕು, ಮಿಂಚಿದ ಮೇಲೆ ಕಾಯಿಸದೆ ಮತ್ತೆ ಮಿಂಚಬೇಕು. ಅಂಗಡಿಯಲ್ಲೇ ಹತ್ತಾರು ಸಲ ಒತ್ತಿ ನೋಡು. ಅಂಗಡಿಯವನು ಗೊಣಗಿದರೆ ಗೊಣಗಲಿ.

ಮುಂದೆ ಆಟದ ಫೋಟೊಗೂ ಅದೇ ಆಗುತ್ತೆ, ಇವತ್ತು ಮಾತ್ರ ಅಮ್ಮನ ಫೋಟೊಗೆ. ನಾಳೆ ಅವಳ ಕೆನ್ನೆಯ ಆಪರೇಷನ್ನಲ್ಲಿ ನರಕ್ಕೆ ಪೆಟ್ಟಾದರೆ ಆ ಕಡೆ ಮುಖ ಮೊದಲಿನ ಹಾಗೆ ನಗಲ್ಲ ಅಂತ ಡಾಕ್ಟರು ಹೇಳಿದ್ದು ನೆನಪಿದೆಯಲ್ಲ.

ಸಂಜೆ ನಾನು ಬರೋ ಹೊತ್ತಿಗೆ ಅವಳನ್ನ ಗೋಡೆ ಮುಂದೆ ಕೂರಿಸಿರು. "ನಗಮ್ಮಾ" ಅಂತ ಮಾತ್ರ ಅನ್ನಬೇಡ. ನನ್ನ ಮೇಲೆ ಚಾಡಿ ಹೇಳು ಸಾಕು, ತಾನಾಗೇ ನಗ್ತಾಳೆ.

ಅಕ್ಕ